ಬಿಡುಗಡೆಯಾದ ಮೇಲೂ ಉಳಿಯುವ ಶೂಲ

ಮಹಾಭಾರತದ ಆದಿಪರ್ವದಲ್ಲಿ ಮಾಂಡವ್ಯ ಋಷಿಯ ಕಥೆಯೊಂದು ಬರುತ್ತದೆ. ಮೌನವ್ರತದಲ್ಲಿದ್ದ ಆತನ ಆಶ್ರಮದೊಳಗೆ ಕಳ್ಳರು ಕದ್ದ ಒಡವೆಗಳನ್ನು ಬಚ್ಚಿಟ್ಟು ತಾವೂ ಅಡಗಿಕೊಂಡರು. ಬೆನ್ನಟ್ಟಿ ಬಂದ ರಾಜಭಟರು ಕಳ್ಳರೊಡನೆ ಋಷಿಯನ್ನೂ ಹಿಡಿದೊಯ್ದರು. ಅರಸನು ಆತನನ್ನೂ ಶೂಲಕ್ಕೇರಿಸಿದನು. ನಿಜ ತಿಳಿದ ಬಳಿಕ ಅರಸನು ಕ್ಷಮೆ ಬೇಡಿ ಶೂಲವನ್ನು ಕೀಳಿಸಲು ಯತ್ನಿಸಿದನು. ಅದು ಬಾರದಿರಲು ಹೊರಗಿನ ಭಾಗವನ್ನಷ್ಟೇ ಕತ್ತರಿಸಿದರು. ಒಳಗಿನ ತುಂಡು ದೇಹದಲ್ಲಿಯೇ ಉಳಿಯಿತು. ಆದುದರಿಂದಲೇ ಆತನಿಗೆ ಅಣಿಮಾಂಡವ್ಯನೆಂಬ ಹೆಸರು ಬಂದಿತು.

ತಪ್ಪು ತೀರ್ಪಿಗೆ ಗುರಿಯಾಗಿ, ವರ್ಷಗಟ್ಟಲೆ ಸೆರೆಮನೆಯಲ್ಲಿದ್ದು, ಕೊನೆಗೆ ನಿರಪರಾಧಿಯೆಂದು ಹೊರಬಂದವರ ಸ್ಥಿತಿಯೂ ಇದೇ. ಕಣ್ಣಿಗೆ ಕಾಣುವ ಶೂಲವನ್ನು ನ್ಯಾಯಾಲಯವು ಕತ್ತರಿಸಿ ಹಾಕುತ್ತದೆ. ಒಳಗೆ ಉಳಿದುದರ ನೋವನ್ನು ಶಮನ ಮಾಡುವವರು ಯಾರು?

ಕಾನೂನು ಕೊಟ್ಟದ್ದೆಷ್ಟು?

ಅನ್ಯಾಯದ ಸೆರೆವಾಸಕ್ಕೆ ಸರಕಾರವೇ ಪರಿಹಾರ ತೆರಬೇಕೆಂಬ ತತ್ತ್ವವು ನಮ್ಮ ದೇಶದಲ್ಲಿ ನೆಲೆಗೊಂಡದ್ದು 1983ರ ರುದುಲ್ ಸಾಹ್ ಪ್ರಕರಣದಲ್ಲಿ. ಬಿಹಾರದ ಈ ಬಂದಿಯನ್ನು ಸೆಷನ್ಸ್ ನ್ಯಾಯಾಲಯವು 1968ರಲ್ಲಿಯೇ ದೋಷಮುಕ್ತನೆಂದು ಸಾರಿದ್ದರೂ ಸೆರೆಮನೆಯ ಬಾಗಿಲು ತೆರೆದದ್ದು 1982ರಲ್ಲಿ! ಮೊದಲೇ ಸಂದಿದ್ದ 5,000 ರೂಪಾಯಿಗಳಲ್ಲದೆ ಇನ್ನೂ 30,000 ರೂಪಾಯಿಗಳನ್ನು ಕೊಡುವಂತೆ ಸರ್ವೋಚ್ಚ ನ್ಯಾಯಾಲಯವು ಬಿಹಾರ ಸರಕಾರಕ್ಕೆ ಆಜ್ಞಾಪಿಸಿತು. ಸಂವಿಧಾನದ 21ನೆಯ ಅನುಚ್ಛೇದವು ಕೊಟ್ಟಿರುವ ಸ್ವಾತಂತ್ರ್ಯದ ಹಕ್ಕಿಗೆ ಭಂಗ ಬಂದಾಗ ಬರಿಯ ಬಿಡುಗಡೆಯಿಂದ ಋಣ ತೀರುವುದಿಲ್ಲವೆಂಬುದು ಆ ತೀರ್ಪಿನ ಸಾರ.

ಇನ್ನೊಂದು ಪ್ರಕರಣ ಇದಕ್ಕಿಂತಲೂ ಕಠೋರವಾದದ್ದು. ಮಹಾರಾಷ್ಟ್ರದಲ್ಲಿ 2003ರಲ್ಲಿ ನಡೆದ ಕೊಲೆಗಳ ಆರೋಪದ ಮೇಲೆ ಅಲೆಮಾರಿ ಜನಾಂಗದ ಆರು ಮಂದಿ ಬಡ ಕೂಲಿಕಾರರು ಸೆರೆಯಾದರು. 2009ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಆರೂ ಮಂದಿಗೆ ಮರಣದಂಡನೆಯನ್ನು ವಿಧಿಸಿತು. ಅದೇ ನ್ಯಾಯಾಲಯವು ಪ್ರಕರಣವನ್ನು ಪುನಃ ಪರಿಶೀಲಿಸಿ 2019ರ ಮಾರ್ಚ್ 5ರಂದು ಎಲ್ಲರನ್ನೂ ಬಿಡುಗಡೆ ಮಾಡಿತು; ಪುನರ್ವಸತಿಗಾಗಿ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಸರಕಾರಕ್ಕೆ ಆದೇಶಿಸಿತು. ಸುಮಾರು ಹದಿನಾರು ವರ್ಷಗಳಿಗೆ ಹಂಚಿದರೆ ಇದು ತಿಂಗಳಿಗೆ 2,600 ರೂಪಾಯಿಗಳಷ್ಟಾಗುತ್ತದೆ. ನೇಣಿನ ನೆರಳಿನಲ್ಲಿ ಕಳೆದ ರಾತ್ರಿಗಳನ್ನು ಯಾವ ಲೆಕ್ಕಕ್ಕೆ ಸೇರಿಸುವುದು?

ಈ ಪರಿಹಾರವೂ ಎಲ್ಲರಿಗೂ ದೊರೆಯುವುದಿಲ್ಲ. ನ್ಯಾಯಾಧೀಶರು ಆದೇಶಿಸಿದರೆ ಉಂಟು, ಇಲ್ಲವಾದರೆ ಇಲ್ಲ. ಅಮೆರಿಕದಲ್ಲಿ 2004ರ ಕಾಯಿದೆಯ ಮೇರೆಗೆ ಕೇಂದ್ರ ಸರಕಾರದ ಪ್ರಕರಣಗಳಲ್ಲಿ ಅನ್ಯಾಯದ ಸೆರೆವಾಸದ ಒಂದೊಂದು ವರ್ಷಕ್ಕೂ 50,000 ಡಾಲರುಗಳವರೆಗೆ, ಮರಣದಂಡನೆಗೆ ಗುರಿಯಾಗಿದ್ದವರಿಗೆ 1,00,000 ಡಾಲರುಗಳವರೆಗೆ ಪರಿಹಾರ ನಿಗದಿಯಾಗಿದೆ. ನಮ್ಮ ಕಾನೂನು ಆಯೋಗವು 2018ರಲ್ಲಿ ಸಲ್ಲಿಸಿದ 277ನೆಯ ವರದಿಯಲ್ಲಿ ಇಂಥ ಪ್ರಕರಣಗಳಿಗೆ ವಿಶೇಷ ನ್ಯಾಯಾಲಯಗಳಿರಬೇಕು, ಹಣದೊಡನೆ ಮನೋವೈದ್ಯಕೀಯ ನೆರವು ಮತ್ತು ವೃತ್ತಿಶಿಕ್ಷಣವೂ ದೊರೆಯಬೇಕು ಎಂದು ಶಿಫಾರಸು ಮಾಡಿತು. ಆದರೆ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಆ ವ್ಯವಸ್ಥೆಗೆ ಸ್ಥಾನ ದೊರೆಯಲಿಲ್ಲ.

ಊರಿನ ತೀರ್ಪು

ಶಿಕ್ಷೆಯ ಅವಧಿಯನ್ನು ಮುಗಿಸಿ ಬರುವವನಿಗೆ ಬಿಡುಗಡೆಯ ದಿನ ಮೊದಲೇ ತಿಳಿದಿರುತ್ತದೆ. ಮೇಲ್ಮನವಿಯಲ್ಲಿ ಗೆದ್ದವರಾದರೋ ಯಾವ ಸಿದ್ಧತೆಯೂ ಇಲ್ಲದೆ ಹೊರಗೆ ಬರುತ್ತಾರೆ. ಅಷ್ಟರಲ್ಲಿ ತಾಯಿತಂದೆಗಳು ತೀರಿಕೊಂಡಿರಬಹುದು, ವಕೀಲರ ಖರ್ಚಿಗೆ ಹೊಲ ಮಾರಿಹೋಗಿರಬಹುದು, ಮಕ್ಕಳು ಗುರುತು ಹಿಡಿಯದಷ್ಟು ಬೆಳೆದಿರಬಹುದು.

ಇವೆಲ್ಲಕ್ಕಿಂತ ಹೆಚ್ಚಾಗಿ ಸುಡುವುದು ಜನರ ಪಿಸುಮಾತು. ‘ಸಂಶಯದ ಲಾಭ ಸಿಕ್ಕಿತು, ಬಿಟ್ಟರು, ಬೆಂಕಿಯಿಲ್ಲದೆ ಹೊಗೆಯಾಡೀತೆ?’ ಎನ್ನುವವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಅಪರಾಧವು ಸಂಶಯಾತೀತವಾಗಿ ಸಿದ್ಧವಾಗುವವರೆಗೆ ಪ್ರತಿಯೊಬ್ಬನೂ ನಿರಪರಾಧಿಯೇ ಎಂಬುದು ನಮ್ಮ ನ್ಯಾಯಪದ್ಧತಿಯ ಅಡಿಗಲ್ಲು. ಈ ರಕ್ಷಣೆಯಿಂದಲೇ ನಾವೂ ನಮ್ಮ ಮಕ್ಕಳೂ ನಿಶ್ಚಿಂತೆಯಿಂದ ಬಾಳುತ್ತಿದ್ದೇವೆ. ಅದನ್ನು ನಮಗೆ ಮಾತ್ರ ಇಟ್ಟುಕೊಂಡು ನೆರೆಯವರಿಗೆ ಇಲ್ಲವೆನ್ನುವುದು ಧರ್ಮವಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಹಿರಿಯರ ಎಚ್ಚರಿಕೆ ಇಲ್ಲಿಗೂ ಸಲ್ಲುತ್ತದೆ.

ಮನೆಮಂದಿ ಮಾಡಬಹುದಾದದ್ದು

ಇಂಥವರು ನಮ್ಮ ನೆರೆಯಲ್ಲಿದ್ದರೆ ಮಾಡಬೇಕಾದ ಕೆಲಸಗಳು ದೊಡ್ಡವೇನಲ್ಲ. ಮೊದಲನೆಯದಾಗಿ, ತೀರ್ಪಿನ ದೃಢೀಕೃತ ನಕಲುಗಳನ್ನು ಪಡೆಯಲು ನೆರವಾಗಬೇಕು. ಕೆಲಸ ಕೇಳುವಲ್ಲಿ ಅದೇ ಅವರ ರಕ್ಷೆ. ಆಧಾರ್, ಪಡಿತರ ಚೀಟಿ, ಬ್ಯಾಂಕಿನ ಖಾತೆ ಇವುಗಳನ್ನು ಸರಿಪಡಿಸಿಕೊಳ್ಳಲು ಓದುಬಲ್ಲ ಒಬ್ಬರು ಜೊತೆಯಲ್ಲಿ ಹೋಗಬೇಕು. ಪರಿಹಾರ ಕೇಳಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. 1987ರ ಕಾಯಿದೆಯ ಮೇರೆಗೆ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಡಿಮೆ ಆದಾಯದವರು ಅಲ್ಲಿ ಉಚಿತವಾಗಿ ವಕೀಲರ ನೆರವು ಪಡೆಯಬಹುದು.

ಎರಡನೆಯದು ಮನಸ್ಸಿನ ಮಾತು. ಬೀಗದ ಸದ್ದಿಗೆ ಬೆಚ್ಚುವುದು, ನಿದ್ರೆ ಬಾರದಿರುವುದು, ಹೊರಗೆ ಹೋಗಲೂ ಅಪ್ಪಣೆ ಕೇಳುವುದು ಇವು ಹುಚ್ಚಲ್ಲ, ಸೆರೆಯ ಗಾಯಗಳು. ಬಲವಂತದಿಂದ ಕಥೆ ಕೇಳಬಾರದು. ಹೇಳಿದಾಗ ತಾಳ್ಮೆಯಿಂದ ಕೇಳಬೇಕು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಕರೆಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಅದರ ಮುಖ್ಯ ಕೇಂದ್ರ.

ಮೂರನೆಯದು ಕಾಯಕ. ಅಂಗಡಿಯಲ್ಲೋ ಹೊಲದಲ್ಲೋ ಕೆಲಸ ಕೊಟ್ಟು, ಎಲ್ಲರಿಗೆ ಕೊಡುವ ಕೂಲಿಯನ್ನೇ ಕೊಡಬೇಕು. ಕನಿಕರದ ಕಾಸಿಗಿಂತ ದುಡಿದು ತಂದ ಹಣವೇ ಅವರ ತಲೆಯನ್ನು ಎತ್ತಿ ನಿಲ್ಲಿಸುತ್ತದೆ. ಅವರ ಮಕ್ಕಳಿಗೆ ಸಂಬಂಧ ನೋಡುವಾಗ ತಂದೆಯ ಸೆರೆವಾಸವನ್ನು ಕಳಂಕವೆಂದು ಎತ್ತಿ ಆಡದಿರುವುದೂ ಇದೇ ಸೇವೆಯ ಭಾಗ.

ನ್ಯಾಯಾಲಯವು ಬರೆದ ‘ನಿರಪರಾಧಿ’ ಎಂಬ ಮಾತು ಕಡತದಲ್ಲಿದೆ. ಅದು ಊರಿಗೆ ಕೇಳಿಸಬೇಕಾದದ್ದು ನಮ್ಮ ನಡೆಯಿಂದ. ಬಂದ ಮೊದಲ ವಾರದಲ್ಲಿಯೇ ಅವರ ಮನೆಗೆ ಹೋಗಿ, ನಾಲ್ಕು ಜನ ಕಾಣುವಂತೆ ಜಗಲಿಯ ಮೇಲೆ ಅವರೊಡನೆ ಕುಳಿತು ಬರಬೇಕು. ನಮ್ಮ ಮನೆಯ ಮುಂದಿನ ಶುಭಕಾರ್ಯಕ್ಕೆ ಅವರನ್ನು ಹೆಸರು ಹಿಡಿದು ಕರೆಯಬೇಕು.