ಭದ್ರೆ ಇಳಿದಾಗ ಏಳುವ ನಡುಗಡ್ಡೆ

ಮಳೆಗಾಲ ಬಂತೆಂದರೆ ಶಿವಮೊಗ್ಗ, ಭದ್ರಾವತಿ ಕಡೆ ಪತ್ರಿಕೆ ಬಿಡಿಸಿದವರ ಕಣ್ಣು ಮೊದಲು ಹುಡುಕುವುದು ಜಲಾಶಯಗಳ ಮಟ್ಟ ಹೇಳುವ ಪುಟ್ಟ ಚೌಕವನ್ನು. ‘ಭದ್ರಾ ಎಷ್ಟಾಯ್ತಂತೆ?’ ಎಂದು ಅಡುಗೆಮನೆಯಿಂದಲೇ ಪ್ರಶ್ನೆ ಬರುತ್ತದೆ. 186 ಅಡಿ ಮುಟ್ಟಿದರೆ ಡ್ಯಾಂ ಭರ್ತಿ, ಬೇಸಿಗೆ ಭತ್ತಕ್ಕೂ ಭರವಸೆ. ಜನವರಿಯಲ್ಲಿ ನಾಲೆಗೆ ನೀರು ಬಿಟ್ಟ ಮೇಲೆ ಆ ಅಂಕಿ ದಿನದಿನಕ್ಕೆ ಇಳಿಯುತ್ತದೆ, ಓದುವವರ ಕುತೂಹಲವೂ ಅದರ ಜೊತೆಗೇ ಇಳಿಯುತ್ತದೆ. ಒಂದು ಹಕ್ಕಿಯ ಮಟ್ಟಿಗೆ ಮಾತ್ರ ವರ್ಷ ಶುರುವಾಗುವುದೇ ಆಗ.

ಅದು ರಿವರ್ ಟರ್ನ್. ಪಕ್ಷಿಪ್ರಿಯರು ರೀವ ಎನ್ನುತ್ತಾರೆ. ಬೂದು ಬೆನ್ನು, ಕವಲೊಡೆದ ಉದ್ದ ಬಾಲ, ಅರಿಶಿನ ಬಣ್ಣದ ಕೊಕ್ಕು, ಕೆಂಪು ಕಾಲು. ಮರಿ ಮಾಡುವ ಕಾಲದಲ್ಲಿ ತಲೆಗೆ ಕಪ್ಪು ಟೋಪಿ ಇಟ್ಟಂತಿರುತ್ತದೆ. ನೀರಿನ ಮೇಲೆ ತೇಲಿದಂತೆ ಹಾರುತ್ತಲೇ ಒಮ್ಮೆಗೇ ಧುಮುಕಿ ಮೀನು ಹಿಡಿಯುತ್ತದೆ. ಲಕ್ಕವಳ್ಳಿ ಬಳಿ ಹಿನ್ನೀರಿನ ದಡದಲ್ಲಿರುವ ಜಂಗಲ್ ಲಾಡ್ಜಸ್‌ನ ತಂಗುದಾಣಕ್ಕೂ ಇದರದೇ ಹೆಸರು.

ಈ ಹಕ್ಕಿ ಮರದಲ್ಲಿ ಗೂಡು ಕಟ್ಟುವುದಿಲ್ಲ. ನದಿ ನಡುವಿನ ಬಯಲು ಮರಳದಿಬ್ಬವೇ ಅದರ ಹೆರಿಗೆಮನೆ. ಸುತ್ತ ನೀರಿದ್ದರೆ ನರಿ, ನಾಯಿ, ಮುಂಗುಸಿ ದಾಟಿ ಬರಲಾರವು. ಅಂಥ ದಿಬ್ಬಗಳು ಭದ್ರೆಯಲ್ಲಿ ಹುಟ್ಟಿದ ಕಥೆ ವಿಚಿತ್ರ. 1947ರಲ್ಲಿ ಆರಂಭವಾದ ಅಣೆಕಟ್ಟಿನ ಕೆಲಸ ಮುಗಿದದ್ದು 1965ರಲ್ಲಿ. ಅದಕ್ಕಾಗಿ ದುಡಿದವರ ಕ್ವಾರ್ಟರ್ಸ್‌ಗಳಿಂದ ಭದ್ರಾವತಿ ತಾಲ್ಲೂಕಿನಲ್ಲಿ ಒಂದು ಊರೇ ಬೆಳೆಯಿತು. ಯೋಜನೆಯ ಹೆಸರೇ ಊರಿನ ಹೆಸರಾಗಿ, ಇಂದಿಗೂ ಅದು ಬಿ.ಆರ್. ಪ್ರಾಜೆಕ್ಟ್, ಬಾಯಿಮಾತಿನಲ್ಲಿ ಬಿಆರ್‌ಪಿ. ಅತ್ತ ಕಣಿವೆ ಮುಳುಗಿತು, ಗುಡ್ಡಗಳ ನೆತ್ತಿಗಳು ನಡುಗಡ್ಡೆಗಳಾದವು. ತಗ್ಗಿನ ದಿಬ್ಬಗಳು ವರ್ಷದಲ್ಲಿ ಹಲವು ತಿಂಗಳು ನೀರೊಳಗಿರುವುದರಿಂದ ಅಲ್ಲಿ ಮರ ಬೇರೂರುವುದಿಲ್ಲ. ನೀರಿಳಿದಾಗ ಮೇಲೇಳುವುದು ಬೋಳು ಮಣ್ಣು, ಜಲ್ಲಿಗಲ್ಲು. ಮನುಷ್ಯರ ಕಣ್ಣಿಗೆ ಅದು ಬರಡು, ರೀವಕ್ಕೆ ಬೇಕಾದದ್ದು ಅದೇ.

ನೆಲದಲ್ಲಿ ಅಂಗೈಯಗಲದ ಗುಳಿ ಮಾಡಿದರೆ ಗೂಡು ಸಿದ್ಧ. ಎರಡು ಮೂರು ಮೊಟ್ಟೆ. ಮಣ್ಣಿನ ಬಣ್ಣದ ಮೇಲೆ ಕಂದು ಮಚ್ಚೆಗಳು, ಪಕ್ಕದ ಕಲ್ಲಿಗೂ ಮೊಟ್ಟೆಗೂ ವ್ಯತ್ಯಾಸ ತಿಳಿಯುವುದು ಕಷ್ಟ. ಮಾರ್ಚ್, ಏಪ್ರಿಲ್ ಬಿಸಿಲಿಗೆ ಆ ಬಯಲು ಕಾದ ಹೆಂಚಿನಂತಾಗುತ್ತದೆ. ಆಗ ಕಾವು ಕೊಡುವುದಕ್ಕಿಂತ ಬಿಸಿ ತಪ್ಪಿಸುವುದೇ ದೊಡ್ಡ ಕೆಲಸ. ತಾಯಿತಂದೆ ಸರದಿಯಂತೆ ಮೊಟ್ಟೆಗೆ ನೆರಳಾಗಿ ನಿಲ್ಲುತ್ತವೆ. ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಯನ್ನು ತಂಪು ಮಾಡುವ ಉಪಾಯವೂ ಈ ಗುಂಪಿನ ಹಕ್ಕಿಗಳಿಗೆ ಗೊತ್ತು. ಆರುವ ನೀರು ಶಾಖವನ್ನು ಹೊತ್ತೊಯ್ಯುತ್ತದೆ, ನಮ್ಮ ಮಣ್ಣಿನ ಹೂಜಿಯ ಲೆಕ್ಕವೇ.

ಮೊಟ್ಟೆ ಒಡೆಯಲು ಸುಮಾರು ಮೂರು ವಾರ, ಮರಿ ರೆಕ್ಕೆ ಬಲಿತು ಹಾರಲು ಹೆಚ್ಚುಕಡಿಮೆ ಇನ್ನೊಂದು ತಿಂಗಳು. ಅಂದರೆ ಏಳೆಂಟು ವಾರ ನಡುಗಡ್ಡೆ ನಡುಗಡ್ಡೆಯಾಗಿಯೇ ಇರಬೇಕು. ನೀರು ತೀರಾ ಇಳಿದರೆ ಅದು ದಡಕ್ಕೆ ಅಂಟಿಕೊಳ್ಳುತ್ತದೆ, ನಾಯಿ ನಡೆದುಕೊಂಡೇ ಬರುತ್ತದೆ. ಅಕಾಲದ ಮಳೆಗೆ ನೀರು ಏರಿದರೆ ಗೂಡು ಮುಳುಗುತ್ತದೆ. ಜಲಾಶಯ ಇಳಿಯದೇ ಹೋದರೆ ಗೂಡಿಗೆ ಜಾಗವೇ ಇಲ್ಲ. ನಾಲೆಗೆ ಎಂದಿನಿಂದ, ಎಷ್ಟು ದಿನ ನೀರು ಎಂದು ನೀರಾವರಿ ಸಲಹಾ ಸಮಿತಿ ಕೂತು ತೀರ್ಮಾನಿಸುವಾಗ ಭತ್ತದ ಗದ್ದೆಯ ಜೊತೆಗೆ ಈ ಗುಳಿಗಳ ಹಣೆಬರಹವೂ ಬರೆದಂತಾಗುತ್ತದೆ. ರೈತ ಇಲ್ಲಿ ಹಕ್ಕಿಯ ಶತ್ರುವಲ್ಲ. ಗದ್ದೆಗೆ ಹರಿದ ನೀರೇ ಅದಕ್ಕೆ ನೆಲ ಬಿಟ್ಟುಕೊಟ್ಟಿರುವುದು.

ಶಿವಮೊಗ್ಗ ಜಿಲ್ಲೆಯದೇ ಇನ್ನೊಂದು ಹೊಳೆಯಲ್ಲಿ ಪಂಚಾಂಗ ಪೂರಾ ತಿರುವುಮುರುವು. ತೀರ್ಥಹಳ್ಳಿ ರಸ್ತೆಯ ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಗೆ ಬೆಳ್ಳಕ್ಕಿ, ನೀರುಕಾಗೆಗಳು ಸೇರುವುದು ಮಳೆಗಾಲದಲ್ಲಿ. ಅವುಗಳ ಗೂಡು ಮರದ ಮೇಲೆ. ಕೆಳಗೆ ಹೊಳೆ ತುಂಬಿ ಹರಿದಷ್ಟೂ ಕಾವಲು ಗಟ್ಟಿ.

ರೀವ ಇಂದು ಜಾಗತಿಕ ಕೆಂಪುಪಟ್ಟಿಯಲ್ಲಿ ‘ಅಪಾಯಕ್ಕೆ ಸಿಲುಕಬಲ್ಲ’ ಪ್ರಭೇದ. ಮರಳು ತೆಗೆದು, ಹರಿವು ತಡೆದು ಏಷ್ಯಾದ ಬಹಳಷ್ಟು ನದಿಗಳಲ್ಲಿ ಅದರ ದಿಬ್ಬಗಳನ್ನು ಅಳಿಸಿದ್ದೇವೆ. ಒಂದು ಅಣೆಕಟ್ಟೇ ಅದಕ್ಕೆ ಆಸರೆಯಾಗಿರುವ ಭದ್ರೆಯಲ್ಲಿ ನಾವು ಮಾಡಬೇಕಾದದ್ದು ತೀರಾ ಸಣ್ಣದು: ದೋಣಿಯನ್ನು ದೂರ ನಿಲ್ಲಿಸುವುದು. ಫೋಟೊಗಾಗಿ ಹತ್ತಿರ ಹೋದರೆ ಹಿಂಡು ಗಾಬರಿಬಿದ್ದು ಮೇಲೇಳುತ್ತದೆ. ಅಷ್ಟು ಹೊತ್ತು ಮೊಟ್ಟೆಗೆ ನೆರಳಿಲ್ಲ, ಕಾಗೆಗೆ ಅಡ್ಡಿಯಿಲ್ಲ.

ಜೂನ್‌ನಲ್ಲಿ ಘಟ್ಟದ ಮಳೆ ಹಿಡಿದರೆ ಒಳಹರಿವಿನ ಕ್ಯುಸೆಕ್ ಲೆಕ್ಕ ಮತ್ತೆ ಮನೆಮಾತಾಗುತ್ತದೆ. ಆ ನೀರು ದಿಬ್ಬ ಮುಟ್ಟುವ ಹೊತ್ತಿಗೆ ಕಡೆಯ ಮರಿಯೂ ಹಾರಿರಬೇಕು.