ಬ್ಲಾಕ್ ಮಾಡಿದರೆ ಸಾಲದು, ರಿಪೋರ್ಟ್ ಮಾಡಿ

ಕಳೆದ ವಾರ ಅಪ್ಪನ ವಾಟ್ಸಾಪ್‌ಗೆ ಒಂದು ಮೆಸೇಜ್ ಬಂತು: ‘ನಿಮ್ಮ ಗಾಡಿಗೆ ದಂಡ ಬಿದ್ದಿದೆ, ಫೈಲ್ ತೆರೆದು ನೋಡಿ.’ ಫೈಲಿನ ಹೆಸರಿನ ಕೊನೆಯಲ್ಲಿ ಎಪಿಕೆ ಅಂತಿತ್ತು. ಅಂದರೆ ಅದು ಚಲನ್ ಅಲ್ಲ, ಆ್ಯಪ್. ಹಾಕಿಕೊಂಡು ಅನುಮತಿ ಕೊಟ್ಟರೆ ನಮ್ಮ ಒಟಿಪಿಗಳನ್ನೂ ಓದಬಲ್ಲದು. ಪುಣ್ಯಕ್ಕೆ ಅಪ್ಪ ತೆರೆಯುವ ಮುಂಚೆ ನನಗೆ ತೋರಿಸಿದರು. ಆಮೇಲೆ ಕೇಳಿದರು: ‘ಇದನ್ನೆಲ್ಲ ಕಂಪನಿಯವರೇ ಯಾಕೆ ತಡೆಯಲ್ಲ?’

ನಾನು ಓದಿದ ಇಂಜಿನಿಯರಿಂಗ್ ಇಂಥದ್ದಕ್ಕಾದರೂ ಉಪಯೋಗಕ್ಕೆ ಬರಲಿ. ವಾಟ್ಸಾಪ್, ಸಿಗ್ನಲ್‌ಗಳಲ್ಲಿ ಮೆಸೇಜಿಗೆ ಬೀಗ ಬೀಳುವುದು ಕಳಿಸುವವರ ಫೋನಿನಲ್ಲಿ, ತೆಗೆಯುವುದು ನಮ್ಮ ಫೋನಿನಲ್ಲಿ. ನಡುವೆ ಇರುವ ಕಂಪನಿಗೆ ಒಳಗೇನಿದೆ ಅಂತ ಕಾಣಲ್ಲ. ಟೆಲಿಗ್ರಾಂನಲ್ಲಿ ಈ ಬೀಗ ಸೀಕ್ರೆಟ್ ಚಾಟ್‌ಗೆ ಮಾತ್ರ, ಮಾಮೂಲಿ ಚಾಟ್‌ಗೆ ಇಲ್ಲ. ನಮ್ಮ ಗುಟ್ಟು ಕಾಯುವ ಬೀಗವೇ ಕಳ್ಳನ ಮಾತನ್ನೂ ಕಾಯುತ್ತದೆ.

ಹಾಗಂತ ಬೀಗ ಬೇಡ ಅನ್ನೋದು ಮೂರ್ಖತನ. ಬ್ಲಾಕ್ ಮಾಡಿದರೆ ನೀವೊಬ್ಬರು ಬಚಾವು. ರಿಪೋರ್ಟ್ ಒತ್ತಿದರೆ ಆ ನಂಬರಿನಿಂದ ನಿಮಗೆ ಬಂದ ಕೊನೆಯ 5 ಮೆಸೇಜುಗಳು ವಾಟ್ಸಾಪ್ ಕೈ ಸೇರುತ್ತವೆ. ಆಗ ಅದು ಓದಿ ನೋಡಬಹುದು, ಖಾತೆಯನ್ನೇ ಮುಚ್ಚಬಹುದು.

ಇನ್ನೆರಡು ಕೆಲಸ ಇವತ್ತೇ ಮಾಡಿ. ವಾಟ್ಸಾಪಿನ ಪ್ರೈವೆಸಿ ಸೆಟ್ಟಿಂಗಿನಲ್ಲಿ ಗ್ರೂಪ್ಸ್ ತೆರೆದು ‘ಮೈ ಕಾಂಟ್ಯಾಕ್ಟ್ಸ್’ ಇಡಿ. ಅಪರಿಚಿತರು ನಿಮ್ಮನ್ನು ಸೀದಾ ಗ್ರೂಪಿಗೆ ಎಳೆದುಕೊಳ್ಳಲಾಗದು. ಕಾಲ್ಸ್‌ನಲ್ಲಿ ಗೊತ್ತಿಲ್ಲದವರ ಕರೆ ಸೈಲೆಂಟ್ ಮಾಡಿ. ದುಡ್ಡು ಹೋಗಿದ್ದರೆ ಮಾತ್ರ ಸೆಟ್ಟಿಂಗ್ ಹುಡುಕುತ್ತಾ ಕೂರಬೇಡಿ, ತಕ್ಷಣ 1930ಕ್ಕೆ ಫೋನ್ ಮಾಡಿ.

ಅಪ್ಪ ರಿಪೋರ್ಟ್ ಒತ್ತಿದರು. ಮುಂದಿನ ಮೆಸೇಜ್ ಬೇರೆ ಯಾರಪ್ಪನಿಗೋ ಹೋಗುವುದಿತ್ತು.