ಅಂಗಡಿಯ ಮಾತು, ಊರಿನ ಕಿವಿ
ಪಾಡ್‌ಕಾಸ್ಟ್ ಪ್ರಾಯೋಜನೆ ನಮ್ಮಂಥ ಸಣ್ಣ ವ್ಯಾಪಾರಿಗಳಿಗೆ ಎಟುಕುವುದೆ?

ದಶಲಕ್ಷಣ ಪರ್ವ ಮುಗಿದ ಮೇಲೆ ಬರುವ ಸಂಚಿಕೆಯಲ್ಲಿ ಕ್ಷಮಾವಾಣಿಯ ಶುಭಾಶಯ ಕೋರುವ ಅಂಗಡಿಗಳ ಜಾಹೀರಾತನ್ನು ಓದುಗ ಬಾಂಧವರು ನೋಡಿಯೇ ಇರುತ್ತೀರಿ. ಕಾಲು ಪುಟ, ಅಂಗಡಿಯ ಹೆಸರು, ಊರು, ಅಷ್ಟೆ. ಆ ಹಣದಿಂದ ಪತ್ರಿಕೆ ನಡೆಯುತ್ತದೆ, ಅಂಗಡಿಯ ಹೆಸರೂ ನಾಲ್ಕು ಮನೆಗೆ ಮುಟ್ಟುತ್ತದೆ. ಪ್ರಾಯೋಜನೆ ಎಂದರೆ ಇದೇ. ಈಗ ಇದು ಮೊಬೈಲಿನಲ್ಲಿ ಕೇಳುವ ಪಾಡ್‌ಕಾಸ್ಟಿಗೂ ಬಂದಿದೆ.

ನಮ್ಮ ಸೀಮೆಗೆ ಇದೇನೂ ಹೊಸತಲ್ಲ. ಮಡಕಶಿರಾ ಬಳಿಯ ಅಮರಾಪುರದಲ್ಲಿ ದೊರೆತ 1278ರ ಶಾಸನವೊಂದಿದೆ. ಮಲ್ಲಿಸೆಟ್ಟಿ ಎಂಬ ಶ್ರಾವಕರು ತಮ್ಮಡಹಳ್ಳಿಯ 2,000 ಅಡಿಕೆ ಮರಗಳನ್ನು ತೈಲಂಗೆರೆಯ ಪ್ರಸನ್ನ ಪಾರ್ಶ್ವದೇವರ ಬಸದಿಗೆ ಬಿಟ್ಟುಕೊಟ್ಟ ವಿಷಯ ಅದರಲ್ಲಿದೆ. ಅವರು ಕೊಟ್ಟದ್ದು ಧರ್ಮಕ್ಕೆ, ನಾವು ಕೊಡುವುದು ವ್ಯಾಪಾರಕ್ಕೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಆದರೂ ಕೊಟ್ಟವರ ಹೆಸರು ಕಲ್ಲಿನ ಮೇಲೆ ಏಳುನೂರು ವರ್ಷ ಉಳಿದಿದೆ ಎಂಬುದನ್ನು ನೆನಪಿಡಿ. ಉಳಿಯುವ ಮಾತಿನ ಪ್ರಸ್ತಾಪ ಮುಂದೆಯೂ ಬರುತ್ತದೆ.

ನಾವು ಚಿಕ್ಕವರಿದ್ದಾಗ ರಾಯದುರ್ಗದಲ್ಲಿ ಅಂಗಡಿ ತೆರೆದರೆ ತಮಟೆ ಬಡಿಸಿ ಸಾರಿಸುತ್ತಿದ್ದರು. ಆಮೇಲೆ ಸಿನಿಮಾ ಟಾಕೀಸಿನ ಸ್ಲೈಡು, ಆಟೋಗೆ ಕಟ್ಟಿದ ಮೈಕು. ವಿವಿಧ ಭಾರತಿಯಲ್ಲಿ 1967ರಿಂದ ಜಾಹೀರಾತು ಬಂದಿತು. ಅಲ್ಲಿ ಹತ್ತು ಸೆಕೆಂಡಿನ ಲೆಕ್ಕದಲ್ಲಿ ದರ. ಸೋಪು, ಟೂತ್‌ಪೇಸ್ಟಿನ ಕಂಪನಿಗಳಿಗೆ ಅದು ಸರಿ. ಒಂದೇ ಬೀದಿಯ ಗಿರಾಕಿ ನಂಬಿ ಕೂತ ಪಾತ್ರೆ ಅಂಗಡಿಗೆ ಇಡೀ ಜಿಲ್ಲೆ ಕೇಳಿದರೆ ಏನು ಪ್ರಯೋಜನ? ಭಾಷೆಯ ತೊಡಕು ಬೇರೆ. 1953ರಲ್ಲಿ ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ ಅನಂತಪುರಕ್ಕೆ ಸೇರಿತು. 2022ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಬೋರ್ಡು ತೆಲುಗಿನಲ್ಲಿ, ಚೌಕಾಸಿ ಕನ್ನಡದಲ್ಲಿ, ಬೈಗುಳ ಎರಡರಲ್ಲೂ! ನಮ್ಮ ಗಿರಾಕಿಯ ಮಾತಿನಲ್ಲೇ ಜಾಹೀರಾತು ಹೇಳುವವರು ದೊರೆಯುವುದು ಕಷ್ಟವಾಗಿತ್ತು.

ಪಾಡ್‌ಕಾಸ್ಟ್ ಎಂಬ ಪದ ಹುಟ್ಟಿದ್ದು 2004ರಲ್ಲಿ. ರೇಡಿಯೋ ಕಾರ್ಯಕ್ರಮದಂತೆಯೇ ಮಾತು ಮುದ್ರಿಸಿ ಇಂಟರ್‌ನೆಟ್‌ಗೆ ಹಾಕುತ್ತಾರೆ. ಬೇಕಾದವರು ಬೇಕಾದಾಗ ಕೇಳಬಹುದು. ಒಂದು ಫೋನು, ಒಂದು ಸಣ್ಣ ಮೈಕು ಇದ್ದರೆ ಸಾಕು. ಹೀಗಾಗಿ ಸಣ್ಣ ಊರಿನ ಹುಡುಗರೂ ಮಾಡುತ್ತಾರೆ. ದೊಡ್ಡ ಕಾರ್ಯಕ್ರಮಗಳಲ್ಲಿ ಸಾವಿರ ಕೇಳುಗರಿಗೆ ಇಷ್ಟು ಎಂದು ದರ ಕಟ್ಟುತ್ತಾರೆ. ಸಣ್ಣವರು ಕಂತಿಗೆ ಇಷ್ಟು ಎಂದು ಬಾಯಿಮಾತಿನಲ್ಲೇ ಮುಗಿಸುತ್ತಾರೆ. ಸಂದೇಶವನ್ನು ಕಾರ್ಯಕ್ರಮ ನಡೆಸುವವನೇ ತನ್ನ ದನಿಯಲ್ಲಿ ಓದುತ್ತಾನೆ. ಕೇಳುವವರಿಗೆ ಪರಿಚಯದ ದನಿ, ಅದೇ ಇದರ ಬಲ.

ನಾವು ಎರಡು ವರ್ಷದ ಹಿಂದೆ ಹೀಗೆ ಒಂದು ಪ್ರಯೋಗ ಮಾಡಿದೆವು. ನಮ್ಮ ಕಡೆಯ ಇಬ್ಬರು ಹುಡುಗರು ಊರ ಸುದ್ದಿ, ಹಳೆಯ ಸಂಗತಿ ಮಾತಾಡುತ್ತಿದ್ದರು. ದೀಪಾವಳಿಗೆ ಮುಂಚೆ ನಾಲ್ಕು ಕಂತಿಗೆ, ಕಂತಿಗೆ 500 ರೂಪಾಯಿಯಂತೆ ಒಪ್ಪಿಕೊಂಡೆವು. "ಹಳೆಯ ಕುಕ್ಕರ್ ತನ್ನಿ, ಹೊಸದಕ್ಕೆ 300 ರೂಪಾಯಿ ಬಿಡುತ್ತೇವೆ" ಎಂದು ಬರೆದುಕೊಟ್ಟೆವು. ಹುಡುಗ ಹುರುಪಿನಲ್ಲಿ "ಜಿಲ್ಲೆಯಲ್ಲೇ ಕಡಿಮೆ ಬೆಲೆ" ಎಂದು ತನ್ನದೊಂದು ಮಾತು ಸೇರಿಸಿಬಿಟ್ಟ! ನಾವು ಎಲ್ಲ ಅಂಗಡಿಯ ಬೆಲೆ ಕೇಳಿ ನೋಡಿದವರಲ್ಲ. ತೂಕದಲ್ಲಿ ಮೋಸ ಅಚೌರ್ಯಾಣುವ್ರತಕ್ಕೆ ಅತಿಚಾರವೆಂದು ಪಾಠಶಾಲೆಯಲ್ಲಿ ಕಲಿತವರು, ಮಾತಿನ ತೂಕ ಹೆಚ್ಚಿಸಿದರೆ ಸುಮ್ಮನಿರಬಹುದೆ? ಹೇಳಿ ತೆಗೆಸಿದೆವು. ಹುಡುಗನಿಗೆ ಬೇಸರವಾಯಿತು, ಆದರೆ ತೆಗೆದ.

ದೀಪಾವಳಿಯಲ್ಲಿ ಹನ್ನೊಂದು ಕುಕ್ಕರ್ ಈ ದಾರಿಯಿಂದ ಹೋದವು. ಕೇಳಿ ಬಂದೆ ಎಂದವರನ್ನಷ್ಟೇ ಚೀಟಿಯಲ್ಲಿ ಬರೆದಿಟ್ಟ ಲೆಕ್ಕ ಇದು. ಲಾಭ ದೊಡ್ಡದಲ್ಲ, ನಷ್ಟವೂ ಇಲ್ಲ.

ಯುಗಾದಿಯ ಹೊತ್ತಿಗೆ ಹಳ್ಳಿಯಿಂದ ಒಬ್ಬ ಹಿರಿಯರು ಮಸಿ ಹಿಡಿದ ಕುಕ್ಕರನ್ನು ಟವೆಲಿನಲ್ಲಿ ಸುತ್ತಿ ತಂದರು. "ಮೊಮ್ಮಗ ಫೋನಿನಾಗ ಕೇಳಿಸಿದ, ಮುನ್ನೂರು ಬಿಡ್ತೀರಂತಲ್ಲ ಸಾವ್ಕಾರ್ರೆ" ಎಂದರು. ಅದು ದೀಪಾವಳಿಗೆ ಮಾತ್ರ ಎಂದು ನಮ್ಮ ಮಗ ಹೇಳಹೊರಟ. ಕಂತನ್ನು ಹಾಕಿ ಕೇಳಿದೆವು. ಎಲ್ಲಿಯವರೆಗೆ ಎಂಬ ಮಾತು ನಾವು ಬರೆದುಕೊಟ್ಟದ್ದರಲ್ಲೇ ಇರಲಿಲ್ಲ! ರೇಡಿಯೋದ ಮಾತು ಗಾಳಿಗೆ ಹೋಗುತ್ತದೆ, ಇದು ಅಲ್ಲೇ ಕೂತಿರುತ್ತದೆ. ಹಿರಿಯರು ಬಸ್ಸಿಗೆ ಕಾಸು ಹಾಕಿ ಬಂದಿದ್ದರು. ಆ ದಿನ 300 ಬಿಟ್ಟೆವು. ಮುಂದಿನ ಎರಡು ವಾರದಲ್ಲಿ ಇನ್ನೂ ಆರು ಮಂದಿ ಬಂದರು, ಅವರಿಗೂ ಬಿಟ್ಟೆವು. ಕಡೆಯ ನಾಲ್ಕರಲ್ಲಿ ಕೈಯಿಂದಲೇ ಹೋಯಿತು. ಮಗ ಎರಡು ದಿನ ಮಾತು ಬಿಟ್ಟ.

ಕಾನೂನೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿ 2022ರಲ್ಲಿ ಬಂದ ಮಾರ್ಗಸೂಚಿಯಂತೆ, ದಾಸ್ತಾನು ಇಲ್ಲದೆ ಕಡಿಮೆ ಬೆಲೆಯ ಆಸೆ ತೋರಿಸಿ ಗಿರಾಕಿಯನ್ನು ಕರೆಯುವಂತಿಲ್ಲ. ಹಣ ಪಡೆದು ಹೊಗಳುವವನು ಆ ಸಂಬಂಧವನ್ನು ಮುಚ್ಚಿಡುವಂತಿಲ್ಲ. "ಈ ಕಂತಿನ ಪ್ರಾಯೋಜಕರು" ಎಂದು ಬಿಚ್ಚಿ ಹೇಳಿಸಿ.

ಹಣ ಕೊಡುವ ಮುನ್ನ ಕೇಳುಗರೆಷ್ಟು ಎಂದು ಕೇಳುವುದಕ್ಕಿಂತ, ನಿಮ್ಮ ಬಸ್ಸಿನ ದಾರಿಯಲ್ಲಿರುವವರೆಷ್ಟು ಎಂದು ಕೇಳಿ. ಬೆಂಗಳೂರಿನಲ್ಲಿ ಕೇಳಿದವರು ಕುಕ್ಕರಿಗೆ ರಾಯದುರ್ಗಕ್ಕೆ ಬರುವುದಿಲ್ಲ. ಬರೆದುಕೊಟ್ಟ ಪ್ರತಿಯಲ್ಲಿ ಕೊನೆಯ ದಿನಾಂಕವಿರಲಿ, ವರ್ಷ ಸಹಿತ. ಹಾಕುವ ಮುನ್ನ ಒಮ್ಮೆ ಕೇಳಿಸಿಕೊಳ್ಳಿ.

ಮಡಕಶಿರಾದಲ್ಲಿ ಕಿರಾಣಿ ನಡೆಸುವ ನಮ್ಮ ಬೀಗರು ಇದನ್ನೆಲ್ಲ ಕೇಳಿ ನಕ್ಕರು. ಈಗ ಅವರೂ ಅಲ್ಲಿಯ ಒಂದು ಕಾರ್ಯಕ್ರಮಕ್ಕೆ ತಿಂಗಳಿಗೊಂದು ಕಂತು ಕೊಡುತ್ತಿದ್ದಾರೆ. ರಿಯಾಯಿತಿಯ ಸುದ್ದಿಯೇ ಇಲ್ಲ. ಅಂಗಡಿಯ ಹೆಸರು, ಯಾವ ಬೀದಿ, ಬೆಳಿಗ್ಗೆ ಏಳಕ್ಕೆ ತೆರೆಯುತ್ತೇವೆ, ಸೂರ್ಯ ಮುಳುಗುವ ಮುಂಚೆ ಊಟಕ್ಕೆ ಒಂದು ಗಂಟೆ ಬಾಗಿಲು ಹಾಕುತ್ತೇವೆ, ಆ ಹೊತ್ತಿಗೆ ಬಂದು ಕಾಯಬೇಡಿ. ಸಂಜೆ ಬಾಗಿಲು ತಟ್ಟುವವರು ಕಡಿಮೆಯಾಗಿದ್ದಾರೆ ಎಂದು ಮೊನ್ನೆ ಫೋನಿನಲ್ಲಿ ತಿಳಿಸಿದರು.